ಅಚ್ಚಿನ ಕುಂದು, ನಾಣ್ಯದ ಬೆಲೆ

ಬಸವಣ್ಣನವರು ಈ ಲೋಕವನ್ನು ಒಂದು ಕಮ್ಮಟಕ್ಕೆ ಹೋಲಿಸಿದ ಮಾತನ್ನು ನಮ್ಮ ಓದುಗ ಬಂಧುಗಳೆಲ್ಲ ಬಲ್ಲರು. ಕಮ್ಮಟವೆಂದರೆ ನಾಣ್ಯಕ್ಕೆ ಅಚ್ಚು ಹಾಕುವ ಸ್ಥಳ, ಅಂದರೆ ಟಂಕಸಾಲೆ. ಕಲ್ಯಾಣದಲ್ಲಿ ಭಂಡಾರಿಯಾಗಿದ್ದ ಅವರಿಗೆ ಹೊನ್ನಿನ ತೂಕ, ಅಚ್ಚಿನ ಅಂದ, ಖೋಟಾ ನಾಣ್ಯದ ಮೋಸ ಇವೆಲ್ಲ ನಿತ್ಯದ ಅನುಭವವಾಗಿದ್ದಿರಬೇಕು. ಆ ವಚನವನ್ನು ಪ್ರತಿದಿನ ಹೇಳುವ ನಾವು, ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ನಾಣ್ಯವನ್ನು ಪರೀಕ್ಷಿಸುವ ಕಣ್ಣನ್ನು ಬೆಳೆಸಿಕೊಂಡಿದ್ದೇವೆಯೇ? ಕಳೆದ ಶ್ರಾವಣ ಮಾಸದಲ್ಲಿ ಕಂಪ್ಲಿಯ ಒಂದು ಶರಣ ಕುಟುಂಬದಲ್ಲಿ ಈ ಪ್ರಶ್ನೆ ನಮಗೆ ಎದುರಾಯಿತು. ಅಂಥದೇ ಪ್ರಸಂಗ ಬೇರೆ ಮನೆಗಳಲ್ಲಿಯೂ ಒದಗಬಹುದಾದ್ದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಸಾದ ಮುಗಿದ ಮೇಲೆ ಆ ಮನೆಯ ಹಿರಿಯ ತಾಯಿ ಒಂದು ಹಿತ್ತಾಳೆಯ ಭರಣಿಯನ್ನು ತಂದು ನಮ್ಮ ಮುಂದಿಟ್ಟರು. "ನೋಡ್ರಿ ತಮ್ಮಾ, ಇದರೊಳಗ ಯಾವುದು ಇಟ್ಟುಕೊಳ್ಳೋದು, ಯಾವುದು ಬಿಡೋದು ಹೇಳ್ರಿ" ಎಂದರು. ಭರಣಿಯಲ್ಲಿ ಐದು ನಾಣ್ಯಗಳಿದ್ದವು. ಚಿತ್ರ ಒಂದು ಪಕ್ಕಕ್ಕೆ ತುಸು ಸರಿದಿದ್ದ ಐದು ರೂಪಾಯಿಯ ನಾಣ್ಯ. ಸಿಂಹಲಾಂಛನದ ಮೇಲೆ ಎಳೆಯಂಥ ಗೆರೆಯಿದ್ದ ಎರಡು ರೂಪಾಯಿಯ ಹನ್ನೊಂದು ಮೂಲೆಗಳ ನಾಣ್ಯ. ಕೊಂಡಿ ಬೆಸೆದಿದ್ದ ಐದನೆಯ ಜಾರ್ಜನ ಕಾಲದ ಬೆಳ್ಳಿ ರೂಪಾಯಿ. "ಕೆಟ್ಟುಹೋದದ್ದು" ಎಂದು ಅಂಗಡಿಯವರು ಹಿಂದಿರುಗಿಸಿದ್ದ ಒಂದು ರೂಪಾಯಿ. ಕೊನೆಗೆ, ಅರಿವೆಯ ಗಂಟಿನಲ್ಲಿ ಅಂಗಿಯ ಗುಂಡಿಯಷ್ಟೂ ದೊಡ್ಡದಿಲ್ಲದ ಒಂದು ಚಿನ್ನದ ನಾಣ್ಯ.

ಸಂಗತಿ ಕೇವಲ ಕುತೂಹಲದ್ದಾಗಿರಲಿಲ್ಲ. ಮೊಮ್ಮಗನು ಮೊಬೈಲಿನಲ್ಲಿ ಒಂದು ಜಾಹೀರಾತನ್ನು ಕಂಡಿದ್ದನು. ಅಚ್ಚು ತಪ್ಪಿದ ಐದು ರೂಪಾಯಿಯ ನಾಣ್ಯಕ್ಕೆ ಐದು ಲಕ್ಷ ರೂಪಾಯಿ ಕೊಡುವುದಾಗಿ ಅದರಲ್ಲಿತ್ತು. ನಾಣ್ಯದ ಚಿತ್ರ ಕಳಿಸಿದೊಡನೆ "ನಿಮ್ಮ ನಾಣ್ಯ ಆಯ್ಕೆಯಾಗಿದೆ" ಎಂಬ ಉತ್ತರ ಬಂದಿತು. ನೋಂದಣಿ ಶುಲ್ಕವೆಂದು 1,250 ರೂಪಾಯಿಯನ್ನು ಆತ ಕಳಿಸಿಯೂ ಆಗಿತ್ತು. ಈಗ ತೆರಿಗೆಯೆಂದು 18,000 ರೂಪಾಯಿ ಕೇಳುತ್ತಿದ್ದರು. ತಂಗಿಯ ಕಾಲೇಜಿನ ಶುಲ್ಕ ಕಟ್ಟುವ ದಿನ ಹತ್ತಿರವಾಗಿತ್ತು. ಐದು ಲಕ್ಷ ಬಂದರೆ ಎಲ್ಲವೂ ಬಗೆಹರಿಯುವುದೆಂಬ ನಂಬಿಕೆಯಲ್ಲಿ ಮನೆಯವರು ಆ ಚಿನ್ನದ ನಾಣ್ಯವನ್ನು ಕರಗಿಸಲು ಅಕ್ಕಸಾಲಿಗನಿಗೆ ಕೊಡಬೇಕೆಂದು ನಿಶ್ಚಯಿಸಿದ್ದರು. "ಅದರ ಅಕ್ಷರ ಅರ್ಧಕ್ಕರ್ಧ ಇಲ್ಲ, ಕುಂದಿನ ನಾಣ್ಯ, ಚಿನ್ನದ ತೂಕವಷ್ಟೇ ಬರುತ್ತದೆ" ಎಂಬುದು ಅವರ ತೀರ್ಮಾನ. ಐದು ರೂಪಾಯಿಯ ಕುಂದು ಭಾಗ್ಯವಾಯಿತು, ಹೊನ್ನಿನ ಕುಂದು ದೋಷವಾಯಿತು! ಈ ತಕ್ಕಡಿಯಲ್ಲಿ ಏನೋ ಏರುಪೇರಾಗಿದೆ ಎಂದು ನಮಗೆ ತೋರಿತು.

ನಾಣ್ಯದ ಕುಂದನ್ನು ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಈ ಕುಂದು ಟಂಕಸಾಲೆಯಲ್ಲಿಯೇ ಹುಟ್ಟಿದ್ದೋ, ಆಮೇಲೆ ಜನರ ಕೈಯಲ್ಲಿ ಆದದ್ದೋ? ಆ ಕಾಲದ ಆ ಟಂಕಸಾಲೆಗೆ ಅದು ಸಾಮಾನ್ಯವೋ, ಅಪರೂಪವೋ? ಬರಿಗಣ್ಣಿಗೆ ಸ್ಪಷ್ಟವಾಗಿ ಕಂಡು, ನಾಣ್ಯ ಹುಟ್ಟಿದ ಬಗೆಯನ್ನು ಅದು ನಮಗೆ ತಿಳಿಸಿಕೊಡುವುದೋ? ಮೂರಕ್ಕೂ ಒಳ್ಳೆಯ ಉತ್ತರ ಬಂದರೆ ಇಟ್ಟುಕೊಳ್ಳಬಹುದು. ಒಂದಕ್ಕೂ ಬಾರದಿದ್ದರೆ ಆ ನಾಣ್ಯದಿಂದ ತರಕಾರಿ ಕೊಳ್ಳುವುದೇ ಲೇಸು.

ಮೊದಲು ಐದು ರೂಪಾಯಿಯ ನಾಣ್ಯ. ಇಂದಿನ ನಾಣ್ಯಗಳು ಮುಂಬಯಿ, ಕೋಲ್ಕತ್ತ, ಹೈದರಾಬಾದ್ ಮತ್ತು ನೋಯ್ಡಾದ ನಾಲ್ಕು ಟಂಕಸಾಲೆಗಳಲ್ಲಿ ತಯಾರಾಗುತ್ತವೆ. ಲೋಹದ ತಗಡಿನಿಂದ ದುಂಡು ಬಿಲ್ಲೆಗಳನ್ನು ಕತ್ತರಿಸಿ, ಅಂಚು ಎತ್ತಿ, ಮೇಲೊಂದು ಕೆಳಗೊಂದು ಉಕ್ಕಿನ ಅಚ್ಚಿನ ನಡುವೆ ಯಂತ್ರವು ಒತ್ತುತ್ತದೆ. ಬಿಲ್ಲೆ ಆಚೀಚೆ ಸರಿಯದಂತೆ ಸುತ್ತಲೂ ಒಂದು ಬಳೆ ಹಿಡಿದಿರುತ್ತದೆ. ದಿನಕ್ಕೆ ಲಕ್ಷಗಟ್ಟಲೆ ನಾಣ್ಯ ಒತ್ತುವ ಈ ಕೆಲಸದಲ್ಲಿ ಕೂದಲೆಳೆಯಷ್ಟು ಸರಿಯುವಿಕೆ ಸದಾ ಇದ್ದದ್ದೇ. ಚಿತ್ರ ಪೂರ್ತಿಯಾಗಿದ್ದು, ಒಂದು ಕಡೆಯ ಅಂಚು ತುಸು ಅಗಲ, ಇನ್ನೊಂದು ಕಡೆ ತುಸು ಕಿರಿದು ಎಂದಾದರೆ ಅದಕ್ಕೆ ವಿಶೇಷ ಬೆಲೆಯಿಲ್ಲ. ಚಿತ್ರದ ದೊಡ್ಡ ಭಾಗವೇ ಬಿಲ್ಲೆಯಿಂದ ಹೊರಗೆ ಹೋಗಿ, ಒಂದು ಬದಿ ಬರಿದಾದ ಚಂದ್ರನ ಕಲೆಯಂತೆ ಉಳಿದು, ಇಸವಿಯೂ ಓದಲು ಬರುತ್ತಿದ್ದರೆ ಮಾತ್ರ ಸಂಗ್ರಾಹಕರು ಅದನ್ನು ಅರಸುತ್ತಾರೆ. ಆ ಮನೆಯ ನಾಣ್ಯ ಮೊದಲನೆಯ ಜಾತಿಯದು. ಅದರ ಬೆಲೆ ಐದು ರೂಪಾಯಿ.

ಆ ನಾಣ್ಯದ ಇಸವಿಯ ಕೆಳಗಿದ್ದ ಸಣ್ಣ ನಕ್ಷತ್ರವನ್ನೂ ಮೊಮ್ಮಗನು ಕುಂದೆಂದೇ ಎಣಿಸಿದ್ದನು. ಅದು ಹೈದರಾಬಾದಿನ ಗುರುತು. ಮುಂಬಯಿಯದು ವಜ್ರಾಕೃತಿ, ನೋಯ್ಡಾದ್ದು ದುಂಡನೆಯ ಚುಕ್ಕೆ, ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ. ಗುರುತು ಇರುವುದೂ ಇಲ್ಲದಿರುವುದೂ ತಪ್ಪಲ್ಲ. ಹಾಗೆಯೇ ವಿನ್ಯಾಸದ ವ್ಯತ್ಯಾಸವೂ ಕುಂದಲ್ಲ. ಹತ್ತು ರೂಪಾಯಿಯ ನಾಣ್ಯವನ್ನು ನಮ್ಮ ಹೊಸಪೇಟೆಯ ಕಡೆ ಎಷ್ಟೋ ಅಂಗಡಿಗಳಲ್ಲಿ ಒಲ್ಲೆನೆಂದದ್ದನ್ನು ನಾವು ಕಂಡಿದ್ದೇವೆ. 14 ವಿನ್ಯಾಸಗಳಲ್ಲಿ ಬಂದಿರುವ ಹತ್ತು ರೂಪಾಯಿಯ ನಾಣ್ಯಗಳೆಲ್ಲವೂ ಸಲ್ಲುತ್ತವೆಯೆಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿಯೇ ಸ್ಪಷ್ಟಪಡಿಸಿತು. ವೈಷ್ಣೋದೇವಿಯ ಚಿತ್ರವುಳ್ಳ ನಾಣ್ಯಗಳೂ 2012ರಲ್ಲಿ ಸರ್ಕಾರವೇ ಹೊರಡಿಸಿದವು; ಅವು ಲಕ್ಷಗಟ್ಟಲೆ ಬೆಲೆ ಬಾಳುತ್ತವೆಂಬುದು ಹಬ್ಬಿಸಿದ ಸುದ್ದಿಯಷ್ಟೆ.

ಇನ್ನು ಎರಡು ರೂಪಾಯಿಯ ನಾಣ್ಯದ ಗೆರೆ. ಇಲ್ಲಿ ನಮ್ಮ ತಾಯಂದಿರೂ ಮಾಡಬಹುದಾದ ಸುಲಭ ಪರೀಕ್ಷೆಯೊಂದಿದೆ. ಗೆರೆಯ ಮೇಲೆ ಉಗುರಾಡಿಸಿ ನೋಡಬೇಕು. ಗೆರೆ ಉಬ್ಬಿದ್ದರೆ ಅದು ಅಚ್ಚಿನದು, ತಗ್ಗಿದ್ದರೆ ಬಹುಮಟ್ಟಿಗೆ ಆಮೇಲೆ ಗೀಚಿದ್ದು. ಕಾರಣ ಸರಳ. ಸಾವಿರಾರು ಏಟು ತಿಂದ ಉಕ್ಕಿನ ಅಚ್ಚು ಬಿರುಕು ಬಿಡುತ್ತದೆ. ಒತ್ತುವಾಗ ಬಿಲ್ಲೆಯ ಲೋಹ ಆ ಬಿರುಕಿನೊಳಗೆ ನುಗ್ಗಿ, ನಾಣ್ಯದ ಮೇಲೆ ಏರಾಗಿ ನಿಲ್ಲುತ್ತದೆ. ಆ ಮನೆಯ ನಾಣ್ಯದ ಗೆರೆ ಉಬ್ಬಿತ್ತು. ಆದುದರಿಂದ ಮೊದಲನೆಯ ಪ್ರಶ್ನೆಯಲ್ಲಿ ಅದು ತೇರ್ಗಡೆಯಾಯಿತು. ಎರಡನೆಯದರಲ್ಲಿ ಸೋತಿತು, ಏಕೆಂದರೆ ಅಚ್ಚು ಬಿರಿಯುವುದು ತೀರ ಸಾಮಾನ್ಯ. ಬಿರುಕು ಬೆಳೆದು ಅಚ್ಚಿನ ಅಂಚಿನ ಚೂರೇ ಕಳಚಿ, ನಾಣ್ಯದ ಮೇಲೆ ಲೋಹದ ಗಡ್ಡೆ ನಿಂತಿದ್ದರೆ ಮಾತು ಬೇರೆ. ಮಕ್ಕಳಿಗೆ ತೋರಿಸಲು ಈ ನಾಣ್ಯವನ್ನು ಇಟ್ಟುಕೊಳ್ಳಿರಿ, ಮಾರಲು ಹೊರಡಬೇಡಿರಿ ಎಂದೆವು.

ಬೆಳ್ಳಿಯ ರೂಪಾಯಿ ಸಂಡೂರಿನಿಂದ ಬಂದದ್ದು. ಸಂಡೂರಿನ ಸುತ್ತಲಿನ ತಾಂಡಾಗಳ ಲಂಬಾಣಿ ತಾಯಂದಿರು ನಾಣ್ಯಗಳಿಗೆ ಕೊಂಡಿ ಬೆಸೆದು ಸರವಾಗಿ ಧರಿಸುವುದನ್ನೂ, ಕಸೂತಿಯ ರವಿಕೆಗೆ ನಾಣ್ಯ ಹೊಲಿಯುವುದನ್ನೂ ನೋಡದವರಾರು? ಈ ಮನೆಯ ಹಿರಿಯರೊಬ್ಬರು ಗಣಿಯ ಕೆಲಸದಲ್ಲಿದ್ದಾಗ ಅಂಥ ಸರದಿಂದ ಕಳಚಿದ ರೂಪಾಯಿಯೊಂದನ್ನು ಸಂತೆಯಲ್ಲಿ ಕೊಂಡಿದ್ದರಂತೆ. ಬೆಸುಗೆ, ತೂತು, ಸವೆತ ಇವು ಟಂಕಸಾಲೆಯ ಕುಂದುಗಳಲ್ಲ. ನಾಣ್ಯಸಂಗ್ರಾಹಕನ ಲೆಕ್ಕದಲ್ಲಿ ಇವು ಬೆಲೆಯನ್ನು ಇಳಿಸುತ್ತವೆ. ಆದರೂ 11.66 ಗ್ರಾಂ ತೂಗುವ ಆ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯಿತ್ತು. ಜೊತೆಗೆ ಯಾರೋ ಒಬ್ಬ ತಾಯಿ ತನ್ನ ದುಡಿಮೆಯನ್ನು ಕೊರಳಲ್ಲಿ ಧರಿಸಿದ ಕಥೆಯೂ ಇತ್ತು. ನಾಣ್ಯವಾಗಿ ಅದು ಗಾಯಗೊಂಡದ್ದು ನಿಜ. ಒಡವೆಯಾಗಿ ಅದು ಪೂರ್ಣವಾಗಿದೆ, ಇರಲಿ ಎಂದೆವು.

ನಾಲ್ಕನೆಯದನ್ನು ಮನೆಯವರು ಯಾರೂ ಲಕ್ಷಿಸಿರಲಿಲ್ಲ. ಆ ಒಂದು ರೂಪಾಯಿಯ ಒಂದು ಮುಖದಲ್ಲಿ ಸಿಂಹಲಾಂಛನ ಎಂದಿನಂತಿತ್ತು. ಇನ್ನೊಂದು ಮುಖದಲ್ಲಿ ಬೆಲೆಯ ಅಂಕಿ ಇರಬೇಕಾದ ಕಡೆ ಅದೇ ಲಾಂಛನ ತಿರುವುಮುರುವಾಗಿ, ಕನ್ನಡಿಯಲ್ಲಿ ಕಂಡಂತೆ, ಒಳಕ್ಕೆ ತಗ್ಗಾಗಿ ಮೂಡಿತ್ತು. ಹಿಂದಿನ ನಾಣ್ಯ ಹೊರಬೀಳದೆ ಒಂದು ಅಚ್ಚಿಗೆ ಅಂಟಿಕೊಂಡಾಗ, ಮುಂದಿನ ಬಿಲ್ಲೆಯ ಮೇಲೆ ಅದೇ ಅಚ್ಚಿನಂತೆ ಒತ್ತಿಬಿಡುತ್ತದೆ. ಆಗ ಹುಟ್ಟುವ ನಾಣ್ಯವಿದು. ಇಂಥದನ್ನು ಮನೆಯಲ್ಲಿ ಸುತ್ತಿಗೆಯಿಂದ ಮಾಡಲು ಹೋದವರೂ ಉಂಟು. ಆಗ ಮೊದಲಿನ ಚಿತ್ರ ಜಜ್ಜಿ ಚಪ್ಪಟೆಯಾಗಿರುತ್ತದೆ. ಇಲ್ಲಿ ಎರಡೂ ಮುಖಗಳ ಗೆರೆಗಳು ಚೂಪಾಗಿದ್ದವು, ಅಂಚೂ ಕೆಟ್ಟಿರಲಿಲ್ಲ. ಮೂರು ಪ್ರಶ್ನೆಗಳಿಗೂ ಒಳ್ಳೆಯ ಉತ್ತರ ಕೊಟ್ಟದ್ದು ಇದೊಂದೇ. ಇದಕ್ಕೂ ಲಕ್ಷಗಳ ಮಾತಿಲ್ಲ. ನಾಲ್ಕು ಜನ ತಿಳಿದ ಸಂಗ್ರಾಹಕರಿಗೆ ತೋರಿಸಿದರೆ ಮುಖಬೆಲೆಗಿಂತ ಹೆಚ್ಚು ಕೊಡುವವರು ಸಿಕ್ಕಾರು, ಅಷ್ಟೆ. ಲಕ್ಷದ ಕನಸಿನ ನಾಣ್ಯವು ಐದು ರೂಪಾಯಿಯದಾಯಿತು, ಬಿಸಾಡಬೇಕೆಂದಿದ್ದು ಕೂಡಿಡಲು ಯೋಗ್ಯವಾಯಿತು.

ಉಳಿದದ್ದು ಚಿನ್ನದ ನಾಣ್ಯ. ಅದನ್ನು ತೂಗಿಸಿದಾಗ ಸುಮಾರು 1.7 ಗ್ರಾಂ ಬಂದಿತು. ಒಂದು ಮುಖದಲ್ಲಿ ಎರಡು ತಲೆಯ ಹಕ್ಕಿ. ಕೊಕ್ಕಿನಲ್ಲಿಯೂ ಕಾಲಿನಲ್ಲಿಯೂ ಆನೆಗಳು. ಇನ್ನೊಂದು ಮುಖದಲ್ಲಿ ಮೂರು ಸಾಲಿನ ನಾಗರಿ ಅಕ್ಷರಗಳು, ಅವುಗಳಲ್ಲಿ ಎಡಭಾಗದವು ಅಂಚಿನಾಚೆ ಹೋಗಿದ್ದವು. ಅಕ್ಷರಗಳಿಲ್ಲವೆಂಬ ಒಂದೇ ಕಾರಣಕ್ಕೆ ಅದನ್ನು ಮೂಸೆಗೆ ಹಾಕಬೇಡಿರಿ, ನಮ್ಮೊಡನೆ ಕಮಲಾಪುರದವರೆಗೆ ಬನ್ನಿರಿ ಎಂದು ಮೊಮ್ಮಗನನ್ನು ಕರೆದೆವು. ಕಂಪ್ಲಿಯಿಂದ ಹೊಸಪೇಟೆಗೆ ಹಿಂದಿರುಗುವ ದಾರಿಯಲ್ಲಿಯೇ ಕಮಲಾಪುರ ಸಿಗುತ್ತದೆ. ಅಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳನ್ನು ಇಟ್ಟಿದ್ದಾರೆ. ಶುಕ್ರವಾರ ಅದಕ್ಕೆ ರಜೆಯೆಂಬುದನ್ನು ಹೋಗುವವರು ನೆನಪಿಡಬೇಕು.

ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ದೊಡ್ಡಪ್ಪಾ, ಇವೂ ಸರಿದಾವಲ್ಲ!" ಎಂದನು. ಹೌದು, ಅಲ್ಲಿಯೂ ಒಂದರಲ್ಲಿ ಚಿತ್ರ ಮೇಲಕ್ಕೆ, ಇನ್ನೊಂದರಲ್ಲಿ ಅಕ್ಷರ ಪಕ್ಕಕ್ಕೆ. ಆ ಕಾಲದಲ್ಲಿ ಯಂತ್ರವೂ ಇರಲಿಲ್ಲ, ಬಿಲ್ಲೆಯನ್ನು ಹಿಡಿಯುವ ಬಳೆಯೂ ಇರಲಿಲ್ಲ. ಚಿನ್ನವನ್ನು ತೂಕಕ್ಕೆ ಸರಿಯಾಗಿ ಬಿಲ್ಲೆ ಮಾಡಿ, ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅನೇಕ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದಿರುತ್ತಿತ್ತು. ಆದುದರಿಂದ ಪೂರ್ತಿ ಅಕ್ಷರ ಮೂಡುವುದೇ ಅಪರೂಪ, ತುಂಡಾಗುವುದೇ ವಾಡಿಕೆ. ಟಂಕಸಾಲೆಯವರು ಕಾಯ್ದುಕೊಳ್ಳುತ್ತಿದ್ದುದು ಅಕ್ಷರದ ಅಂದವನ್ನಲ್ಲ, ಚಿನ್ನದ ತೂಕವನ್ನೂ ಶುದ್ಧಿಯನ್ನೂ.

ಆ ನಂಬಿಕೆಯ ಮೇಲೆಯೇ ಒಂದು ಸಾಮ್ರಾಜ್ಯದ ವ್ಯಾಪಾರ ನಡೆದಿತ್ತು. ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1443ರಲ್ಲಿ, ವಿಜಯನಗರಕ್ಕೆ ಬಂದಿದ್ದ ಪಾರಸಿ ರಾಯಭಾರಿ ಅಬ್ದುಲ್ ರಜಾಕನು ಇಲ್ಲಿಯ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ವರಾಹದ ಅರ್ಧ ಪ್ರತಾಪ, ಪ್ರತಾಪದ ಹತ್ತನೆಯ ಒಂದು ಪಾಲು ಹಣ, ಇವು ಚಿನ್ನದವು. ಹಣದ ಆರನೆಯ ಒಂದು ಪಾಲು ಬೆಳ್ಳಿಯ ತಾರ, ತಾರದ ಮೂರನೆಯ ಒಂದು ಪಾಲು ತಾಮ್ರದ ಜೀತಲ. ಅವನ ಲೆಕ್ಕದಂತೆ ಒಂದು ವರಾಹಕ್ಕೆ 20 ಹಣ, 120 ತಾರ, 360 ಜೀತಲ. ಪ್ರೌಢದೇವರಾಯನೆಂದು ನಾವು ಗೌರವದಿಂದ ಸ್ಮರಿಸುವ ದೊರೆ ಇವನೇ. ಲಕ್ಕಣ್ಣ ದಂಡೇಶರೂ ಚಾಮರಸರೂ ಬಾಳಿದ ಕಾಲವದು. 'ಪ್ರಭುಲಿಂಗಲೀಲೆ'ಯನ್ನು ಬರೆದ ಕವಿಯ ಕೈಯಲ್ಲಿಯೂ ಇಂಥವೇ ಓರೆಕೋರೆ ನಾಣ್ಯಗಳು ಓಡಾಡಿರಬೇಕು.

ಗಂಡಭೇರುಂಡದ ಚಿತ್ರ 1529ರಿಂದ 1542ರವರೆಗೆ ಆಳಿದ ಅಚ್ಯುತದೇವರಾಯನ ನಾಣ್ಯಗಳದು. ಅದಕ್ಕೂ ಹಿಂದೆ ಇಮ್ಮಡಿ ಹರಿಹರನ ನಾಣ್ಯಗಳಲ್ಲಿ ಉಮಾಮಹೇಶ್ವರರೂ, ಕೃಷ್ಣದೇವರಾಯನ ನಾಣ್ಯಗಳಲ್ಲಿ ಬಾಲಕೃಷ್ಣನೂ ಕಾಣುತ್ತಾರೆ. ಕಂಪ್ಲಿಯ ನಾಣ್ಯದ ಚಿತ್ರವೂ ತೂಕವೂ ಅಚ್ಯುತರಾಯನ ಅರ್ಧ ವರಾಹಕ್ಕೆ, ಅಂದರೆ ಪ್ರತಾಪಕ್ಕೆ, ಹೊಂದುತ್ತಿದ್ದವು. ಆದರೂ ನಾವು ತೀರ್ಪು ಹೇಳಲಿಲ್ಲ. ಇಂಥ ನಾಣ್ಯಗಳನ್ನು ಎರಕ ಹೊಯ್ದು ಮಾಡಿದ ಖೋಟಾಗಳೂ ಇರುತ್ತವೆ. ಎರಕದ್ದರ ಮೈಮೇಲೆ ಸೂಜಿಮೊನೆಯಂಥ ಸಣ್ಣ ಗುಳಿಗಳಿರುತ್ತವೆ, ಅಂಚಿನಲ್ಲಿ ಜೋಡಣೆಯ ಗೆರೆ ಉಳಿದಿರುತ್ತದೆ, ಅಕ್ಷರದ ಏಣು ಮೊಂಡಾಗಿರುತ್ತದೆ. ಇದರಲ್ಲಿ ಅವು ಕಾಣಲಿಲ್ಲ. ಬಲ್ಲವರಿಗೆ ತೋರಿಸಿ ನಿಶ್ಚಯಿಸಿಕೊಳ್ಳುವವರೆಗೆ ಕರಗಿಸಬೇಡಿರೆಂದಷ್ಟೇ ಹೇಳಿದೆವು. ಕರಗಿದ ಚಿನ್ನವನ್ನು ಮತ್ತೆ ಕೊಳ್ಳಬಹುದು. ಕರಗಿದ ನಾಣ್ಯ ಮತ್ತೆ ಬಾರದು.

ಅಲ್ಲಿಂದ ಹಂಪಿಗೆ ಹೋಗಿ, ದಣ್ಣಾಯಕನ ಆವರಣದ ಬಳಿ ಟಂಕಸಾಲೆಯೆಂದು ತೋರಿಸುವ ಅವಶೇಷಗಳನ್ನೂ ನೋಡಿದೆವು. ಈಗ ಅಲ್ಲಿರುವುದು ಕಲ್ಲಿನ ಅಡಿಪಾಯ, ಗೋಡೆಯ ಸಾಲು, ಹುಲ್ಲು. ಹುಡುಗನು ಅಂಗೈಯ ಮೇಲೆ ನಾಣ್ಯವನ್ನಿಟ್ಟುಕೊಂಡು ನಿಂತನು. ಒಂದೇ ಬಗೆಯ ಕುಂದಿಗೆ ಎರಡು ಬಗೆಯ ತೀರ್ಪು ಏಕೆಂಬುದು ಅವನಿಗೆ ನಾವು ಹೇಳದೆಯೇ ಅರ್ಥವಾಗಿತ್ತು. ಯಂತ್ರದ ನಾಣ್ಯದಲ್ಲಿ ಪೂರ್ಣತೆ ವಾಡಿಕೆ, ದೊಡ್ಡ ತಪ್ಪು ಅಪರೂಪ. ಕೈಯ ನಾಣ್ಯದಲ್ಲಿ ತಪ್ಪು ವಾಡಿಕೆ, ಪೂರ್ಣತೆ ಅಪರೂಪ. ಕುಂದನ್ನು ಮಾತ್ರ ನೋಡಿ ಬೆಲೆ ಕಟ್ಟಲಾಗದು, ಅದು ಹುಟ್ಟಿದ ಕಮ್ಮಟವನ್ನು ನೋಡಿ ಕಟ್ಟಬೇಕು.

ಇನ್ನು ಎಚ್ಚರಿಕೆಯ ಮಾತುಗಳು. ಹಳೆಯ ನೋಟು, ನಾಣ್ಯಗಳನ್ನು ಕೊಳ್ಳುತ್ತೇವೆಂದು ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಶುಲ್ಕ, ತೆರಿಗೆ, ಕಮಿಷನ್ ಕೇಳುವವರನ್ನು ನಂಬಬಾರದೆಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರಿ ಹೇಳಿದೆ. ಅಂಥ ವ್ಯವಹಾರವನ್ನು ಅದು ತಾನೂ ಮಾಡುವುದಿಲ್ಲ, ತನ್ನ ಪರವಾಗಿ ಶುಲ್ಕ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ. ನಿಜವಾದ ಕೊಳ್ಳುವವನು ಹಣ ಕೊಡುತ್ತಾನೆಯೇ ಹೊರತು ಮಾರುವವನಿಂದ ಕೇಳುವುದಿಲ್ಲ. ಮೋಸಹೋದವರು ಸಂಕೋಚಪಡದೆ 1930 ಎಂಬ ಸಹಾಯವಾಣಿಗೆ ಕೂಡಲೇ ದೂರು ಕೊಡಬೇಕು. ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವುದೂ ನಾಶಮಾಡುವುದೂ 2011ರ ನಾಣ್ಯ ಕಾಯ್ದೆಯಂತೆ ಅಪರಾಧ. ನೂರು ವರ್ಷ ದಾಟಿದ ನಾಣ್ಯಗಳು 1972ರ ಕಾಯ್ದೆಯಂತೆ ಪುರಾತನ ವಸ್ತುಗಳು. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಕಂಪ್ಲಿ, ಕಮಲಾಪುರಗಳ ಹೊಲಗಳಲ್ಲಿ ಉಳುವಾಗಲೋ ಮಳೆಯಾದ ಮೇಲೋ ಹಳೆಯ ನಾಣ್ಯ ಸಿಕ್ಕರೆ ಅದನ್ನು ಬಚ್ಚಿಡದೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಹೊಸಪೇಟೆ, ಹಂಪಿಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಕಂಪ್ಲಿ, ಸಂಡೂರುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇವೆ.

ತಾಯಂದಿರಿಗೆ ಇನ್ನೊಂದು ಬಿನ್ನಹ. ದೀಪಾವಳಿಯ ಪೂಜೆಗೆಂದು ನಾಣ್ಯಗಳನ್ನು ಹುಣಸೆಹಣ್ಣು, ಬೂದಿಗಳಿಂದ ಉಜ್ಜಿ ಬೆಳಗಿಸುವ ವಾಡಿಕೆ ನಮ್ಮಲ್ಲಿದೆ. ಕಂಪ್ಲಿಯ ತಾಯಿ ಐವತ್ತು ವರ್ಷ ಹಾಗೆಯೇ ಮಾಡಿದ್ದರು. ಆನೆಗಳ ಮೈ ಸವೆದು ನುಣುಪಾಗಿದ್ದು ಅದರಿಂದಲೇ. ಚಿನ್ನ ಬಹು ಮೃದು. ತಾಮ್ರ, ಬೆಳ್ಳಿಗಳ ಮೇಲಿನ ಹಳೆಯ ಬಣ್ಣವೂ ಉಜ್ಜಿದರೆ ಹೋಗುತ್ತದೆ, ಅದರೊಡನೆ ಬೆಲೆಯೂ ಹೋಗುತ್ತದೆ. ಶುದ್ಧವಾದ ನೀರಿನಲ್ಲಿ ಅದ್ದಿ, ಮೆತ್ತಗಿನ ಹತ್ತಿಯ ಬಟ್ಟೆಯ ಮೇಲೆ ಒತ್ತಿ ಒಣಗಿಸಿದರೆ ಸಾಕು. ಲಿಂಗಪೂಜೆಗೆ ಕುಳಿತಾಗ ನಮ್ಮಲ್ಲಿ ಬೇಕಾದದ್ದು ಶುಚಿ, ಹೊಳಪಲ್ಲ.

ಆಯ್ದಕ್ಕಿ ಲಕ್ಕಮ್ಮನವರು ಮಾರಯ್ಯನವರು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಪ್ರಸಂಗವನ್ನು ನಾವು ಪುರಾಣದಲ್ಲಿ ಕೇಳಿ ತಲೆದೂಗುತ್ತೇವೆ. ಕಾಯಕವಿಲ್ಲದೆ ಬರುವ ಐದು ಲಕ್ಷ ಎದುರು ನಿಂತಾಗ ಅದು ನೆನಪಿಗೆ ಬರುವುದು ಕಷ್ಟ. ಮೊಮ್ಮಗನನ್ನು ನಾವು ಬೈಯಲಿಲ್ಲ. ತಂಗಿಯ ಓದಿಗೆಂದು ಆಸೆಪಟ್ಟವನು ಅವನು. ಅವನಿಗೆ ಮೋಸಮಾಡಿದವರು ಆ ಪ್ರೀತಿಯನ್ನೇ ಬಂಡವಾಳ ಮಾಡಿಕೊಂಡಿದ್ದರು.

18,000 ರೂಪಾಯಿಯನ್ನು ಅವರು ಕಳಿಸಲಿಲ್ಲ. ದೂರು ಕೊಟ್ಟರೂ 1,250 ರೂಪಾಯಿ ಇದುವರೆಗೆ ಹಿಂದಿರುಗಿಲ್ಲ. ತಂಗಿಯ ಶುಲ್ಕವನ್ನು ಕಾಲೇಜಿನವರು ಎರಡು ಕಂತಿಗೆ ಒಪ್ಪಿದರು. ಮೊದಲ ಕಂತು ಭತ್ತದ ದುಡ್ಡಿನಲ್ಲಿ ಆಯಿತು. ಐದು ರೂಪಾಯಿಯ ನಾಣ್ಯ ಅಂಗಡಿಗೆ ಹೋಯಿತು. ಚಿನ್ನದ ನಾಣ್ಯ ಜಗುಲಿಗೆ ಮರಳಿತು. ಅದರ ಜೊತೆಗೆ ನಾವು ಹೇಳಿದಂತೆ ಒಂದು ಚೀಟಿಯನ್ನೂ ಇಟ್ಟಿದ್ದಾರೆ: ತೂಕ, ಚಿತ್ರದ ವಿವರ, ಅದನ್ನು ಸೊಸೆಗೆ ಕೊಟ್ಟ ಅತ್ತೆಯ ಹೆಸರು, ಕೊಟ್ಟ ವರ್ಷ. ಓದುಗ ಬಂಧುಗಳು ತಮ್ಮ ಮನೆಯ ನಾಣ್ಯಗಳಿಗೂ ಈ ದೀಪಾವಳಿಯೊಳಗೆ ಅಂಥದೊಂದು ಚೀಟಿ ಬರೆದಿಡಬೇಕೆಂದು ನಮ್ಮ ಕೋರಿಕೆ. ಬರೆದಿಡುವ ಹಿರಿಯರು ಇರುವಾಗಲೇ ಅದು ಆಗಬೇಕು.

ಹೊರಡುವಾಗ ಆ ತಾಯಿ ನಾಣ್ಯವನ್ನು ಕಣ್ಣಿಗೊತ್ತಿಕೊಂಡು, "ಅಕ್ಷರ ಅರ್ಧ ಹೋದರೂ ಚಿನ್ನ ಚಿನ್ನಾನ ಐತಲ್ರಿ ತಮ್ಮಾ" ಎಂದರು. ಕಮ್ಮಟದ ವಚನಕ್ಕೆ ನಾವು ಅದುವರೆಗೆ ಓದಿದ ಯಾವ ವ್ಯಾಖ್ಯಾನವೂ ಅಷ್ಟು ಚಿಕ್ಕದಾಗಿರಲಿಲ್ಲ.